ದೊಡ್ಡಳಿಯನ ಇಂಪ್ಯಾಕ್ಟ್ ರೆಂಚು

ಒಂದು ಹಳೇ ಕಾರಿನ ಮುಂದಿನ ಸೀಟಿಗಾಗಿ ಇಬ್ಬರು ಸಂಸಾರಸ್ಥರು ಊಟ ನಿದ್ದೆ ಬಿಟ್ಟರು ಎಂದರೆ ನೀವು ನಂಬುವುದಿಲ್ಲ. ನಾನೂ ನಂಬುತ್ತಿರಲಿಲ್ಲ. ಆದರೆ ಆ ಇಬ್ಬರಲ್ಲಿ ಒಬ್ಬ ನಮ್ಮ ಕೆಳಗಿನ ಮನೆಯಲ್ಲೇ ಇದ್ದಾನೆ. ಅವನ ಹೆಂಡತಿ ನನ್ನ ಹೆಂಡತಿಯಿಂದ ಏನನ್ನೂ ಮುಚ್ಚಿಡುವುದಿಲ್ಲ, ನನ್ನ ಹೆಂಡತಿಗೆ ಕೇಳಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಬರುವುದಿಲ್ಲ. ಹಾಗಾಗಿ ನನಗೆ ಮೊದಲಿನಿಂದ ಕೊನೆಯವರೆಗೆ ಎಲ್ಲವೂ ಗೊತ್ತು.

ಅವನನ್ನು ನಮ್ಮ ಬೀದಿಯಲ್ಲಿ ಎಲ್ಲರೂ ದೊಡ್ಡಳಿಯ ಎನ್ನುತ್ತಾರೆ. ಮುಂದಿನ ತಿರುವಿನಲ್ಲಿರುವ ನಿವೃತ್ತ ಸ್ಟೇಷನ್ ಮಾಸ್ಟರಿಗೆ ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳ ಗಂಡ ಇವನು. ಕೆಲಸ ತೂಕ ಮತ್ತು ಅಳತೆಯ ಇಲಾಖೆಯಲ್ಲಿ. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುತ್ತಾನೆ. ಆದ್ದರಿಂದ ಜಗತ್ತಿನಲ್ಲಿ ಪ್ರತಿಯೊಂದಕ್ಕೂ ಒಂದು ಅಂಕಿ ಇರಬೇಕು, ಅಂಕಿ ದೊಡ್ಡದಾದಷ್ಟೂ ವಸ್ತು ಒಳ್ಳೆಯದು ಎಂದು ಅವನು ಮನಸಾರೆ ನಂಬಿದ್ದಾನೆ. ಮನುಷ್ಯ ಕೆಟ್ಟವನಲ್ಲ. ಸ್ವಲ್ಪ ಗಲಿಬಿಲಿ, ಅಷ್ಟೇ.

ಮಾವನವರು ನಿವೃತ್ತರಾಗಿ ಎಷ್ಟೋ ವರ್ಷವಾದರೂ ರೈಲ್ವೆಯಿಂದ ಹೊರಗೆ ಬಂದಿರಲಿಲ್ಲ. ಭಾನುವಾರ ಕುಟುಂಬವನ್ನೆಲ್ಲ ಕಾರಿನಲ್ಲಿ ಸುತ್ತಾಡಿಸುವುದು ಅವರ ಪದ್ಧತಿ. ಹೊರಡುವ ಮುಂಚೆ ಸೀಟು ಹಂಚಿಕೆ, ಆಮೇಲೆ ಜೇಬಿನಿಂದ ತೆಗೆದು ಒಂದು ಸೀಟಿ ಊದಿದರೆ ಗಾಡಿ ಹೊರಟಿತು ಎಂದರ್ಥ. ತಡವಾಗಿ ಬಂದವರು ಮನೆಯಲ್ಲೇ. ಅತ್ತೆಯವರೇ ಒಮ್ಮೆ ಚಪ್ಪಲಿ ಹುಡುಕುತ್ತ ಉಳಿದುಬಿಟ್ಟಿದ್ದರು.

ಈ ಹಂಚಿಕೆಯಲ್ಲಿ ಮುಂದಿನ ಸೀಟು ಮದುವೆಯಾದಾಗಿನಿಂದ ದೊಡ್ಡಳಿಯನದು. ಹಿಂದಿನ ಸೀಟಿನಲ್ಲಿ ಅತ್ತೆ, ಇಬ್ಬರು ಹೆಣ್ಣುಮಕ್ಕಳು, ಕಿಟಕಿಗೆ ಅಂಟಿಕೊಂಡು ಚಿಕ್ಕಳಿಯ. ಮುಂದೆ ಕೂತವನ ಕರ್ತವ್ಯಗಳು ಎರಡು: ಮಾವನವರ ಕನ್ನಡಕದ ಡಬ್ಬಿ ಹಿಡಿದುಕೊಳ್ಳುವುದು, ತಿರುವು ಬಂದಾಗ "ಎಡಗಡೆ ಖಾಲಿ ಇದೆ ಮಾವ" ಎನ್ನುವುದು. ಇದನ್ನು ದೊಡ್ಡಳಿಯ ಎಷ್ಟು ಗಂಭೀರವಾಗಿ ಮಾಡುತ್ತಿದ್ದನೆಂದರೆ, ಎಡಗಡೆ ಬರೀ ಗೋಡೆ ಇದ್ದರೂ ಒಮ್ಮೆ ಬಗ್ಗಿ ನೋಡಿಯೇ ಹೇಳುತ್ತಿದ್ದ.

ಹೀಗಿರುವಾಗ ಒಂದು ಭಾನುವಾರ ಊರ ಹೊರಗೆ ಮುಂದಿನ ಚಕ್ರ ಪಂಚರ್ ಆಯಿತು.

ದೊಡ್ಡಳಿಯ ಅಂಗಿಯ ತೋಳು ಮಡಚಿಕೊಂಡು ಇಳಿದ. ಕಾರಿನ ಜೊತೆ ಬಂದಿದ್ದ, ನಟ್ಟು ಬಿಚ್ಚುವ ಪಾನ ಹಾಕಿ ತಿರುಗಿಸಿದ. ನಟ್ಟು ತಿರುಗಲಿಲ್ಲ. ಪಾನದ ಮೇಲೆ ಹತ್ತಿ ನಿಂತ. ಆಗಲೂ ತಿರುಗಲಿಲ್ಲ. ಹತ್ತಿ ಒಮ್ಮೆ ಕುಪ್ಪಳಿಸಿದ. ಪಾನ ಜಾರಿತು, ಅವನು ಎಲ್ಲರೆದುರು ರಸ್ತೆಯ ಮೇಲೆ ಕೂತುಬಿಟ್ಟ. ಮಾವನವರು ಗಡಿಯಾರ ನೋಡಿಕೊಂಡರು, ಅದು ಬಿದ್ದದ್ದಕ್ಕಿಂತ ಹೆಚ್ಚು ನೋಯಿಸಿತು.

ಆಗ ಚಿಕ್ಕಳಿಯ, ಹಾಸಿಗೆ ಮಾರುವ ಕಂಪನಿಯಲ್ಲಿ ಕೆಲಸ ಮಾಡುವ ಮೆತ್ತಗಿನ ಮಾತಿನವನು, ಡಿಕ್ಕಿಯಿಂದ ತನ್ನ ಚೀಲ ತೆಗೆದ. ಚೀಲದೊಳಗೊಂದು ಡಬ್ಬಿ, ಡಬ್ಬಿಯೊಳಗೆ ಕೈಯಲ್ಲಿ ಹಿಡಿಯುವ ಒಂದು ಮೆಷಿನ್ನು. ವೈರಿಲ್ಲ, ಪ್ಲಗ್ಗಿಲ್ಲ. ಕೆಳಗೆ ಬ್ಯಾಟರಿ ಟಕ್ಕನೆ ಕೂರಿಸಿ, ಮೂತಿಯನ್ನು ನಟ್ಟಿಗೆ ಇಟ್ಟು ಬಂದೂಕಿನದರಂಥ ಕುದುರೆ ಒತ್ತಿದ. ಟರ್ರ್ ಎಂದಿತು, ನಟ್ಟು ಕೈಗೆ ಬಂತು. ಅದರ ಹೆಸರು ಇಂಪ್ಯಾಕ್ಟ್ ರೆಂಚಂತೆ. ಬದಲಿ ಚಕ್ರ ಹಾಕಿ ಬಿಗಿ ಮಾಡುವಾಗ, ಎಲ್ಲರೂ ನೋಡುತ್ತಿದ್ದಾರಲ್ಲ ಎಂದು, ಒಂದೊಂದು ನಟ್ಟಿಗೂ ಬೇಕಾದ್ದಕ್ಕಿಂತ ಬಹಳ ಹೊತ್ತು ಟರ್ರ್ ಟರ್ರ್ ಎನಿಸಿದ.

"ಭೇಷ್," ಎಂದರು ಮಾವನವರು.

ಈ ಮಾತಿನ ತೂಕ ನಿಮಗೆ ತಿಳಿಯಬೇಕು. ಅವರು ತಮ್ಮ ಹೆಣ್ಣುಮಕ್ಕಳ ಮದುವೆಯ ದಿನವೂ ಯಾರಿಗೂ ಭೇಷ್ ಎಂದವರಲ್ಲ. ಎಲ್ಲ ಹತ್ತುವಾಗ ಅವರು ಹಂಚಿಕೆ ಬದಲಿಸಿದರು. "ಚಿಕ್ಕಳಿಯಂದಿರು ಮುಂದೆ ಬನ್ನಿ. ದಾರೀಲಿ ಮತ್ತೇನಾದ್ರೂ ಆದ್ರೆ ಉಪಯೋಗಕ್ಕೆ ಬರೋರು ಪಕ್ಕದಲ್ಲಿರಬೇಕು." ಕನ್ನಡಕದ ಡಬ್ಬಿ ಕೈ ಬದಲಾಯಿತು. ದೊಡ್ಡಳಿಯ ಮನೆ ತಲುಪುವವರೆಗೆ ಕಿಟಕಿಗೆ ಅಂಟಿಕೊಂಡು, ಮುಂದಿನಿಂದ "ಎಡಗಡೆ ಖಾಲಿ ಮಾವ" ಎಂಬ ಇನ್ನೊಬ್ಬನ ದನಿ ಕೇಳುತ್ತ ಬಂದ. ಅವನ ಹೊಟ್ಟೆ ಉರಿದದ್ದು ಪಕ್ಕದಲ್ಲಿದ್ದ ಹೆಂಡತಿಗೆ ತಾಕುವಂತಿತ್ತಂತೆ.

ಮರುದಿನ ಸಂಜೆ ಅವನು ನನ್ನ ಹತ್ತಿರ ಬಂದ. "ನೋಡೋ, ಅವನು ಆ ಚೀಲಾನ ಯಾಕೆ ತಂದಿದ್ದ? ಪಂಚರ್ ಆಗುತ್ತೆ ಅಂತ ಮೊದ್ಲೇ ಗೊತ್ತಿತ್ತಾ? ಹಾಸಿಗೆ ಮಾರೋನಿಗೆ ಅದ್ಯಾಕೆ ಬೇಕು? ನಾನು ಸುಮ್ನೆ ಬಿಡಲ್ಲ. ಅವನದಕ್ಕಿಂತ ದೊಡ್ಡದು ತರ್ತೀನಿ. ನಡಿ."

ನಾವು ಉಪಕರಣಗಳ ಅಂಗಡಿಗೆ ಹೋದೆವು. ಅಂಗಡಿಯಾಕೆ ಮೇಜಿನ ಹಿಂದೆ ಕೂತು ಹಗ್ಗ ಸುತ್ತುತ್ತಿದ್ದಳು. ಹಿಂದಿನ ಗೋಡೆಯ ತುಂಬ ಆ ಜಾತಿಯ ಮೆಷಿನ್ನುಗಳು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನೇತಾಡುತ್ತಿದ್ದವು.

"ಯಾವ ಗಾಡಿಗೆ?" ಎಂದಳು.

"ಮಾವನ ಕಾರಿಗೆ."

"ಹಾಗಾದ್ರೆ ಆ ಮಧ್ಯದ್ದು ಸಾಕು."

"ಸಾಕಾಗೋದು ಬೇಡಮ್ಮ. ಮಿಗಬೇಕು. ಈ ಡಬ್ಬಿ ಮೇಲಿರೋ ಅಂಕಿ ಏನು?"

"ಎಷ್ಟು ಜೋರಾಗಿ ತಿರುಗಿಸುತ್ತೆ ಅನ್ನೋ ಲೆಕ್ಕ."

"ನಮ್ಮ ಷಡ್ಡಕನ ಹತ್ರ ಇರೋದು ಈ ನೀಲಿ ಡಬ್ಬಿದು. ಇದೇ ಕಂಪನೀಲಿ ಇದಕ್ಕಿಂತ ದೊಡ್ಡ ಅಂಕಿ ಇರೋದು ಕೊಡಿ."

ಆಕೆ ಒಂದು ತೋರಿಸಿದಳು. ಅವನು ಅದರ ಮುಂದಿನದಕ್ಕೆ ಬೆರಳು ಮಾಡಿದ. ಅದನ್ನು ತೆಗೆದಳು. ಅವನು ಕಟ್ಟಕಡೆಯದಕ್ಕೆ ಬೆರಳು ಮಾಡಿದ.

"ಅದು ಲಾರಿಗೆ," ಎಂದಳು.

"ನಾಳೆ ಮಾವ ಲಾರಿ ತಗೊಂಡ್ರೆ?"

ಇಂಥ ಪ್ರಶ್ನೆಗೆ ಯಾವ ಅಂಗಡಿಯವರೂ ಉತ್ತರ ಕೊಡುವುದಿಲ್ಲ. ಆಕೆ ಮೆಷಿನ್ನನ್ನು ಇಳಿಸಿ ಮೇಜಿನ ಮೇಲಿಟ್ಟಳು, ಮೇಜು ಅಲುಗಿತು. "ಈ ಗುಂಡಿ ಈ ಕಡೆ ತಳ್ಳಿದ್ರೆ ಬಿಗಿಯಾಗುತ್ತೆ, ಆ ಕಡೆ ತಳ್ಳಿದ್ರೆ ಸಡಿಲ ಆಗುತ್ತೆ. ನೋಡ್ಕೊಂಡ್ರಾ?" ಎಂದು ಹೇಳಿಕೊಟ್ಟಳು. ನೋಡಿಕೊಂಡೆ ಎಂದ ದೊಡ್ಡಳಿಯ. ಅವನು ನೋಡುತ್ತಿದ್ದುದು ಅಂಕಿಯನ್ನು. ನಾನೂ ಅದನ್ನೇ ನೋಡುತ್ತಿದ್ದೆ ಅನ್ನಿ, ಅಷ್ಟು ದೊಡ್ಡದಿತ್ತು.

ಆಮೇಲೆ ಆಕೆ ಕೇಳಿದ ಒಂದೇ ಒಂದು ಪ್ರಶ್ನೆ ಅವನ ಗ್ರಹಚಾರ ಕೆಡಿಸಿತು.

"ಮನೇಲಿ ಈಗಾಗ್ಲೇ ಈ ಕಂಪನಿದು ಇದೆಯಾ?"

ಇಲ್ಲ ಎಂದರೆ ಮುಗಿದುಹೋಗುತ್ತಿತ್ತು. ಆದರೆ ಇಂಥ ಮೆಷಿನ್ನನ್ನು ಜನ್ಮದಲ್ಲಿ ಮೊದಲ ಸಲ ಕೊಳ್ಳುತ್ತಿದ್ದೇನೆ ಎಂದು ಒಬ್ಬ ಸರ್ಕಾರಿ ಮುದ್ರೆಯ ಮನುಷ್ಯ ಹೇಗೆ ಒಪ್ಪಿಕೊಂಡಾನು? "ಇಲ್ದೇ ಏನಮ್ಮ, ನಮ್ಮ ಮನೇಲಿ ಇದೇ ಕಂಪನಿದು ಎಷ್ಟು ಬಿದ್ದಿವೆ," ಎಂದ. ಆಕೆ ತಲೆಯಾಡಿಸಿ, ಒಳಗೆ ಹೋಗಿ, ಡಬ್ಬಿಯೊಂದನ್ನು ತಂದು ಕಟ್ಟಿಕೊಟ್ಟಳು.

ಮನೆಗೆ ಬಂದು ಡಬ್ಬಿ ಬಿಚ್ಚಿದರೆ ಮೆಷಿನ್ನಿತ್ತು, ಬ್ಯಾಟರಿ ಇರಲಿಲ್ಲ. ಚಾರ್ಜರೂ ಇರಲಿಲ್ಲ. ಈ ಕಂಪನಿಯವರು ಮನೆಯಲ್ಲಿ ಬ್ಯಾಟರಿ ಇರುವವರಿಗೆ ಬರೀ ಮೆಷಿನ್ನನ್ನು ಬೇರೆ ಮಾರುತ್ತಾರೆ, ಒಂದೇ ಬ್ಯಾಟರಿ ಎಲ್ಲಕ್ಕೂ ಕೂರುತ್ತದೆ ಎಂದು ಡಬ್ಬಿಯ ಮೇಲೆ ಬರೆದಿತ್ತು. ಅವನ ಹೆಂಡತಿ ಅದನ್ನು ದೊಡ್ಡ ದನಿಯಲ್ಲಿ ಓದಿದಳು.

"ಹೋಗಿ ಬ್ಯಾಟರಿ ಇಸ್ಕೊಂಡು ಬನ್ನಿ."

"ಮನೇಲಿ ಎಷ್ಟೋ ಬಿದ್ದಿವೆ ಅಂದಿದ್ದೀನಲ್ಲೇ. ಈಗ ಯಾವ ಮುಖ ಇಟ್ಕೊಂಡು ಹೋಗ್ಲಿ?"

"ಹೋದ ಮುಖಾನೇ ಇಟ್ಕೊಂಡು ಹೋಗಿ."

ಅವನು ಹೋಗಲಿಲ್ಲ. ಗುಟ್ಟಾಗಿ ನನ್ನನ್ನು ಕಳಿಸಿದ. ಬರೀ ಬ್ಯಾಟರಿ ಸದ್ಯಕ್ಕಿಲ್ಲ, ಬಂದಾಗ ಹೇಳುತ್ತೇನೆ ಎಂದಳು ಆಕೆ. ಅಲ್ಲಿಯವರೆಗೆ ಮೆಷಿನ್ನನ್ನು ಡಬ್ಬಿಯಲ್ಲಿಡಬಹುದಿತ್ತು. ದೊಡ್ಡಳಿಯ ಅದನ್ನು ಬೀದಿಗೆ ಕಾಣುವಂತೆ ಕಿಟಕಿಯ ಕಟ್ಟೆಯ ಮೇಲೆ ಮೂತಿ ಹೊರಗೆ ಮಾಡಿ ಇಟ್ಟ. ಬ್ಯಾಟರಿ ಇರಬೇಕಾದ ಜಾಗಕ್ಕೆ ಒಂದು ಹೂದಾನಿ ಅಡ್ಡ ಇಟ್ಟ.

ಮೊದಲು ಕಂಡವನು ಬೀದಿಯ ಕೊನೆಯ ದರ್ಜಿ. ಅಳತೆಯ ಟೇಪು ಕೊರಳಲ್ಲಿ ಹಾಕಿಕೊಂಡೇ ಓಡಾಡುವ ಅವನು ಕಿಟಕಿಯ ಮುಂದೆ ನಿಂತು ಕೇಳಿದ. "ಏನ್ ಸಾರ್, ಗ್ಯಾರೇಜ್ ತೆಗೀತಿದ್ದೀರಾ?"

"ನೋಡೋಣ," ಎಂದ ದೊಡ್ಡಳಿಯ.

ಈ ಒಂದು ನೋಡೋಣ ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಜಾಗ ಗೊತ್ತಾಗಿತ್ತು, ಎರಡನೆಯ ಬೀದಿಗೆ ಹೋಗುವಷ್ಟರಲ್ಲಿ ಇಬ್ಬರು ಮೆಕ್ಯಾನಿಕ್ಕುಗಳು ಕೆಲಸಕ್ಕೆ ಸೇರಿದ್ದರು. ಕ್ಷೌರದಂಗಡಿಯಲ್ಲಿ ನನ್ನ ಗಡ್ಡಕ್ಕೆ ಸೋಪು ಹಚ್ಚುತ್ತಲೇ ಒಬ್ಬ ನನಗೇ ಹೇಳಿದ, "ನಿಮ್ಮ ಕೆಳಗಿನ ಮನೆಯವರು ಕೆಲಸ ಬಿಟ್ರಂತಲ್ಲ, ಒಳ್ಳೇದೇ ಆಯ್ತು ಬಿಡಿ. ತಕ್ಕಡೀಲಿ ಏನಿದೆ?"

ಮನೆಯ ಮಾಲೀಕರು ಬಂದರು. ಅವರಿಗೆ ಸಿಟ್ಟು ಬಂದರೆ ಕೆಮ್ಮು ಬರುತ್ತದೆ. "ಅಂಗಳದಲ್ಲಿ ಒಂದು ತೊಟ್ಟು ಆಯಿಲ್ ಬಿದ್ರೆ ನಾನು ಸುಮ್ನಿರೋನಲ್ಲ," ಎಂದು ಕೆಮ್ಮಿದರು. ಕೆಮ್ಮು ನಿಂತ ಮೇಲೆ ದನಿ ತಗ್ಗಿಸಿ, "ನನ್ನ ಗಾಡಿ ಬ್ರೇಕ್ ಹಾಕಿದ್ರೆ ಕುಯ್ ಅನ್ನುತ್ತೆ. ಶುರು ಮಾಡಿದ ದಿನ ಹಾಗೇ ನೋಡಿಬಿಡಿ," ಎಂದರು. ಕಚೇರಿಯಲ್ಲಿ ಸಾಹೇಬರು ಬಾಗಿಲು ಮುಚ್ಚಿ ಕೂರಿಸಿಕೊಂಡು, ಸರ್ಕಾರಿ ನೌಕರರು ವ್ಯಾಪಾರ ಮಾಡಿದರೆ ಏನಾಗುತ್ತದೆ ಎಂದು ಕಾಲು ಗಂಟೆ ವಿವರಿಸಿ, ಕೊನೆಗೆ ತಮ್ಮ ಕಾರು ಎಡಕ್ಕೆ ಎಳೆಯುತ್ತದೆ ಎಂದು ತಿಳಿಸಿದರು. ನಗರಸಭೆಯ ಲೈಸೆನ್ಸ್ ಇನ್ಸ್‌ಪೆಕ್ಟರ್ ಬಂದು ಅಂಗಳವನ್ನು ಹೆಜ್ಜೆಯಲ್ಲಿ ಅಳೆದುಕೊಂಡು ಹೋದ. ಹೋಗುವಾಗ ಅವನೂ ತನ್ನ ಸ್ಕೂಟರಿನ ಕಡೆ ಒಮ್ಮೆ ನೋಡಿದ.

ಪ್ರತಿಯೊಬ್ಬರಿಗೂ ದೊಡ್ಡಳಿಯ ನಿಜ ಹೇಳಬೇಕೆಂದೇ ಬಾಯಿ ತೆರೆದದ್ದು. ಆದರೆ ಆ ವಾರ ಅವನ ಹೆಂಡತಿಗೆ ತಂಗಿಯ ಫೋನು ಬಂತು. "ಅಕ್ಕ, ಭಾವ ಗ್ಯಾರೇಜ್ ತೆಗೀತಾರಂತೆ, ಲಾರಿ ಮೆಷಿನ್ ತಂದಿದ್ದಾರಂತೆ ಅಂತ ಅಪ್ಪ ಎಲ್ಲರ ಹತ್ರ ಹೇಳ್ಕೊಂಡು ಓಡಾಡ್ತಿದ್ದಾರೆ. ನಮ್ಮವರಿಗೆ ಎರಡು ದಿನದಿಂದ ಊಟ ಸೇರ್ತಿಲ್ಲ."

ಇದನ್ನು ಕೇಳಿ ದೊಡ್ಡಳಿಯ ಅವತ್ತು ಎರಡು ಸಲ ಅನ್ನ ಹಾಕಿಸಿಕೊಂಡ. ಷಡ್ಡಕನಿಗೆ ಊಟ ಸೇರುತ್ತಿಲ್ಲ ಎಂಬುದಕ್ಕಿಂತ ರುಚಿಯಾದದ್ದನ್ನು ಅವನು ಅದುವರೆಗೆ ಉಂಡಿರಲಿಲ್ಲ. ಅಂದಿನಿಂದ ಯಾರು ಗ್ಯಾರೇಜಿನ ಮಾತೆತ್ತಿದರೂ ಸುಮ್ಮನೆ ನಗತೊಡಗಿದ.

ನಗು ನಿಂತದ್ದು ಮಾವನವರು ಖುದ್ದಾಗಿ ಬಂದಾಗ. ಕಿಟಕಿಯ ಮುಂದೆ ಕೈ ಹಿಂದೆ ಕಟ್ಟಿ ನಿಂತು ಮೆಷಿನ್ನನ್ನು ನೋಡಿದರು. "ಅಳಿಯಂದಿರೇ, ನನಗೊಂದು ಮಾತು ಹೇಳ್ಬಾರದಿತ್ತಾ? ಇರ್ಲಿ. ನಿಮ್ಮ ಗ್ಯಾರೇಜಿಗೆ ಮೊದಲನೇ ಗಾಡಿ ನಂದೇ ಆಗ್ಬೇಕು. ಈ ಭಾನುವಾರ ತರ್ತೀನಿ. ನಾಲ್ಕೂ ಚಕ್ರ ಬಿಚ್ಚಿ ಹಿಂದಿಂದು ಮುಂದಕ್ಕೆ, ಮುಂದಿಂದು ಹಿಂದಕ್ಕೆ ಹಾಕಿ. ಆಮೇಲೆ ಎಲ್ಲ ಸುತ್ತಾಡಿಕೊಂಡು ಬರೋಣ. ನೀವು ಮುಂದೆ."

ನೀವು ಮುಂದೆ ಎಂಬ ಮಾತು ಕೇಳಿ ದೊಡ್ಡಳಿಯನ ಕಣ್ಣಲ್ಲಿ ನೀರು ಬಂತು. ಮಾವನವರು ಹೋದ ಮೇಲೂ ಬಂತು, ಅದು ಬೇರೆ ಕಾರಣಕ್ಕೆ.

ಆ ಕಂಪನಿಯ ಬ್ಯಾಟರಿ ನಮಗೆ ತಿಳಿದ ಹಾಗೆ ಇದ್ದದ್ದು ಒಬ್ಬನ ಹತ್ತಿರ. ಎರಡು ದಿನ ಒದ್ದಾಡಿ, ದೊಡ್ಡಳಿಯ ಜನ್ಮದಲ್ಲಿ ಮೊದಲ ಬಾರಿಗೆ ಕರೆಯದೆ ಷಡ್ಡಕನ ಮನೆಗೆ ಹೋದ. ಹೆಂಡತಿಯೂ ಜೊತೆಗಿದ್ದುದರಿಂದ ಅಲ್ಲಿ ನಡೆದದ್ದು ಅಕ್ಷರ ಬಿಡದೆ ನಮ್ಮ ಮನೆಗೆ ಬಂದಿದೆ. ಚಿಕ್ಕಳಿಯನ ಮೆಷಿನ್ನು ಗಾಜಿನ ಬೀರುವಿನಲ್ಲಿತ್ತು. ಬ್ಯಾಟರಿ ಪಕ್ಕದ ಮೇಜಿನ ಮೇಲೆ ಹಸಿರು ದೀಪ ಮಿಟುಕಿಸುತ್ತ ಚಾರ್ಜಾಗುತ್ತಿತ್ತು.

"ಬನ್ನಿ ಭಾವ. ಅಪರೂಪ," ಎಂದ ಚಿಕ್ಕಳಿಯ.

"ಹೀಗೇ ನೋಡ್ಕೊಂಡು ಹೋಗೋಣ ಅಂತ ಬಂದೆ."

"ಯಾರನ್ನ?"

ಬ್ಯಾಟರಿಯನ್ನು ಎನ್ನುವುದು ಹೇಗೆ? "ನಿಮ್ಮನ್ನೇ," ಎಂದ. ಇಬ್ಬರಿಗೂ ಅದರಲ್ಲಿ ನಂಬಿಕೆ ಬರಲಿಲ್ಲ. ಆಮೇಲೆ ಮನೆಯಲ್ಲಿ ವಯಸ್ಸಾದವರ ಯೋಗಕ್ಷೇಮ ಕೇಳುವ ದನಿಯಲ್ಲಿ ಕೇಳಿದ. "ಬ್ಯಾಟರಿ ಚೆನ್ನಾಗಿದೆಯಾ?"

"ಚೆನ್ನಾಗಿದೆ. ನಿಮ್ಮದು?"

ನಮ್ಮದು ಇಲ್ಲ, ನಿಮ್ಮದು ಒಂದು ದಿನಕ್ಕೆ ಕೊಡಿ ಎಂದು ಹೇಳಲೆಂದೇ ಅವನು ಅಷ್ಟು ದೂರ ಹೋದದ್ದು. ಆದರೆ ಗಾಜಿನ ಬೀರುವಿನೊಳಗಿದ್ದ ಆ ಮೆಷಿನ್ನು ಅವನನ್ನೇ ನೋಡುತ್ತಿತ್ತು. "ನಮ್ಮದು ಒಳಗಡೆನೇ ಇರುತ್ತೆ. ಹೊರಗೆ ಕಾಣಲ್ಲ," ಎಂದುಬಿಟ್ಟ.

ಚಿಕ್ಕಳಿಯನ ಮುಖ ಇಳಿದುಹೋಯಿತು. "ಒಳಗಡೆನೇ? ಅಂಥದ್ದು ಬಂದಿದೆಯಾ?"

"ಬಂದಿದೆ. ಎಲ್ಲರಿಗೂ ಕೊಡಲ್ಲ."

ಚಿಕ್ಕಳಿಯ ಎದ್ದುಹೋಗಿ ನೀರು ಕುಡಿದು ಬಂದ. ದೊಡ್ಡಳಿಯ ಬ್ಯಾಟರಿಯಿಲ್ಲದೆ, ಆದರೆ ಎದೆಯುಬ್ಬಿಸಿಕೊಂಡು ಮನೆಗೆ ಬಂದ. ದಾರಿಯುದ್ದಕ್ಕೂ ಅವನ ಹೆಂಡತಿ ಒಂದು ಮಾತೂ ಆಡಲಿಲ್ಲ. ಹೆಂಗಸರು ಹಾಗೆ ಸುಮ್ಮನಾದರೆ ಏನರ್ಥ ಎಂದು ನನಗೆ ಗೊತ್ತಿದೆ, ಅವನಿಗೆ ಆ ಸಂತೋಷದಲ್ಲಿ ತಿಳಿಯಲಿಲ್ಲ.

ಭಾನುವಾರ ಬಂತು. ಅವತ್ತಿನವರೆಗೆ ನಮ್ಮ ಅಂಗಳದಲ್ಲಿ ಅಷ್ಟು ಜನ ಸೇರಿದ್ದನ್ನು ನಾನು ನೋಡಿರಲಿಲ್ಲ. ದರ್ಜಿ ತನ್ನ ಅಂಗಡಿಯ ಸ್ಟೂಲು ತಂದು ಮುಂದಿನ ಸಾಲಿನಲ್ಲಿ ಕೂತಿದ್ದ. ಮಾಲೀಕರು ಆಯಿಲ್ ಬೀಳಬಹುದಾದ ಜಾಗಗಳಿಗೆಲ್ಲ ಹಳೇ ಪೇಪರು ಹಾಸಿದ್ದರು. ಲೈಸೆನ್ಸ್ ಇನ್ಸ್‌ಪೆಕ್ಟರ್ ರಜಾ ದಿನದ ಅಂಗಿಯಲ್ಲಿ, ಕೆಲಸದ ದಿನದ ಮುಖದಲ್ಲಿ ಬಂದಿದ್ದ. ಮಾವನವರ ಕಾರು ಹೇಳಿದ ಹೊತ್ತಿಗೆ ಬಂದು ನಿಂತಿತು. ಮುಂದಿನ ಸೀಟಿನಿಂದ ಚಿಕ್ಕಳಿಯ ಇಳಿದ, ಕೈಯಲ್ಲಿ ಚೀಲ. ಹಿಂದಿನಿಂದ ಅತ್ತೆಯವರೂ ಅವನ ಹೆಂಡತಿಯೂ ಇಳಿದರು.

"ಚೀಲ ಯಾಕೆ ತಂದ್ರಿ?" ಎಂದ ದೊಡ್ಡಳಿಯ.

"ಅಭ್ಯಾಸ ಭಾವ," ಎಂದ ಚಿಕ್ಕಳಿಯ.

ದೊಡ್ಡಳಿಯ ಮೆಷಿನ್ನನ್ನು ಹೊರಗೆ ತಂದ. ಅದರ ಕೆಳಭಾಗಕ್ಕೆ ಒಂದು ಟವೆಲು ಸುತ್ತಿದ್ದ. ಕೈ ಜಾರಬಾರದಲ್ಲ, ಅದಕ್ಕೆ ಎಂದ. ಮಳೆ ಬರಲಿ ಎಂದು ಬೆಳಗಿನಿಂದ ಆಕಾಶ ನೋಡುತ್ತಿದ್ದವನು ಕೊನೆಯದಾಗಿ ಮತ್ತೊಮ್ಮೆ ನೋಡಿದ. ಮೋಡದ ಸುಳಿವಿರಲಿಲ್ಲ. ಮಾವನವರು ಸೀಟಿ ಊದಿದರು.

ಅವನು ಮುಂದಿನ ಚಕ್ರದ ಮುಂದೆ ಮಂಡಿಯೂರಿ ಕುದುರೆ ಒತ್ತಿದ. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದ. ಮರದ ಮೇಲಿನ ಕಾಗೆಯೊಂದು ಕೂಗಿದ್ದು ಬಿಟ್ಟರೆ ಅಂಗಳದಲ್ಲಿ ಬೇರೆ ಸದ್ದಿರಲಿಲ್ಲ.

"ಇದು ಸದ್ದಿಲ್ಲದೆ ಓಡೋದಾ ಸಾರ್?" ಎಂದು ದರ್ಜಿ ಗೌರವದಿಂದ ಕೇಳಿದ.

"ಬಿಸಿಯಾಗ್ಬೇಕು," ಎಂದ ದೊಡ್ಡಳಿಯ. ಬಿಸಿಯಾಗುತ್ತಿದ್ದುದು ಅವನ ಕಿವಿ.

ಚಿಕ್ಕಳಿಯನಿಗೆ ಅಷ್ಟು ಸಾಕಾಗಿತ್ತು. ಹುಲ್ಲಿನ ಮೇಲೆ ಹೆಜ್ಜೆಯಿಡುವ ಹಾಗೆ ಮೆತ್ತಗೆ ಮುಂದೆ ಬಂದು, "ಬಿಡಿ ಭಾವ, ಅದು ಬಿಸಿಯಾಗೋವರೆಗೆ ನಾನು ಬಿಚ್ತೀನಿ," ಎಂದು ತನ್ನ ಮೆಷಿನ್ನು ಇಟ್ಟು ಒತ್ತಿದ. ಟರ್ರ್ ಎಂದಿತು. ನಟ್ಟು ಅಲುಗಲಿಲ್ಲ. ಟರ್ರ್ ಟರ್ರ್ ಟರ್ರ್ ಎಂದಿತು. ಅಲುಗಲಿಲ್ಲ. ಬೇರೆ ನಟ್ಟು ಹಿಡಿದ. ಅದೂ ಹಾಗೆಯೇ. ಅವನ ಹಣೆಯಿಂದ ಬೆವರು ಇಳಿದು ಮೂಗಿನ ತುದಿಯಲ್ಲಿ ನಿಂತಿತು.

ಮಾವನವರು ಬಗ್ಗಿ ಚಕ್ರ ನೋಡಿದರು. "ಅವತ್ತು ಪಂಚರ್ ಆದದ್ದು ಇದೇ ಚಕ್ರ ಅಲ್ವಾ? ಇದನ್ನ ಬಿಗಿ ಮಾಡಿದೋರು ಯಾರು?"

ದೊಡ್ಡಳಿಯ ನಿಧಾನವಾಗಿ ತಲೆಯೆತ್ತಿದ. ಆ ಕ್ಷಣ ಅವನ ಮುಖದಲ್ಲಿ ಬೆಳಗಿದ ಸಂತೋಷವನ್ನು ನಾನು ಮರೆಯಲಾರೆ. "ಅವರೇ ಮಾವ," ಎಂದು ಷಡ್ಡಕನನ್ನು ತೋರಿಸಿದ. "ಅವರೇ. ಬಹಳ ಹೊತ್ತು ಬಿಗಿ ಮಾಡಿದ್ರು."

"ಹಾಗಾದ್ರೆ ನೀವು ಬಿಚ್ಚಿ," ಎಂದರು ಮಾವನವರು. ಸಂತೋಷ ಅಲ್ಲಿಗೆ ಮುಗಿಯಿತು.

ಇಷ್ಟು ಹೊತ್ತೂ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದ ದೊಡ್ಡಳಿಯನ ಹೆಂಡತಿ ಮುಂದೆ ಬಂದಳು. ಗಂಡನ ಕೈಯಿಂದ ಮೆಷಿನ್ನು ಕಿತ್ತುಕೊಂಡು ಟವೆಲು ಬಿಚ್ಚಿದಳು. ಕೆಳಗೆ ಖಾಲಿ ಬಾಯಿ ಕಾಣಿಸಿತು. ಅವಳ ತಂಗಿ, ಅಕ್ಕ ಬಾಯಿಬಿಟ್ಟು ಕೇಳಿದಳೇನೋ ಎಂಬಂತೆ, ತನ್ನ ಗಂಡನ ಮೆಷಿನ್ನಿನಿಂದ ಬ್ಯಾಟರಿ ತೆಗೆದು ಅಕ್ಕನ ಕೈಗೆ ಕೊಟ್ಟಳು.

"ಬೇಡ," ಎಂದರು ಇಬ್ಬರು ಅಳಿಯಂದಿರೂ ಒಟ್ಟಿಗೆ. ಒಬ್ಬನಿಗೆ ಷಡ್ಡಕನ ಬ್ಯಾಟರಿಯಿಂದ ಗೆಲ್ಲುವುದು ಬೇಡ, ಇನ್ನೊಬ್ಬನಿಗೆ ತನ್ನ ಬ್ಯಾಟರಿಯಿಂದ ಷಡ್ಡಕ ಗೆಲ್ಲುವುದು ಬೇಡ. ಅವರಿಬ್ಬರೂ ಒಂದೇ ಮಾತು ಆಡಿದ್ದು ನನಗೆ ತಿಳಿದಂತೆ ಅದೇ ಮೊದಲು.

"ಒಳಗಡೆನೇ ಇರುತ್ತೆ ಅಂದ್ರಲ್ಲ ಭಾವ," ಎಂದ ಚಿಕ್ಕಳಿಯ.

"ಅದು ಬೇರೆ," ಎಂದ ದೊಡ್ಡಳಿಯ.

"ಸುಮ್ನಿರಿ ಇಬ್ರೂ," ಎಂದರು ಮಾವನವರು. "ರೈಲಿನ ಎಂಜಿನ್ ಯಾರದು, ಡೀಸೆಲ್ ಯಾರದು ಅಂತ ಪ್ಯಾಸೆಂಜರ್ ಕೇಳಲ್ಲ. ಹೊರಡಿ." ಮತ್ತೊಮ್ಮೆ ಸೀಟಿ.

ಬ್ಯಾಟರಿ ಟಕ್ಕನೆ ಕೂತಿತು. ದೊಡ್ಡಳಿಯ ಎರಡೂ ಕೈಯಲ್ಲಿ ಹಿಡಿದು ಒತ್ತಿದ. ಈ ಸಲ ಅದು ಟರ್ರ್ ಎನ್ನಲಿಲ್ಲ, ಘರ್ಜಿಸಿತು. ಕಾಗೆ ಹಾರಿಹೋಯಿತು. ಅಂಗಳದ ಪೇಪರುಗಳು ನಡುಗಿದವು. ಟಪ್ಪೆಂದು ಸದ್ದಾಗಿ ನಟ್ಟು ಅವನ ಪಾದದ ಬಳಿ ಬಿತ್ತು.

"ಬಂತು," ಎಂದ ಅವನು. ಜನ ಚಪ್ಪಾಳೆ ತಟ್ಟಿದರು. ಎರಡನೆಯದಕ್ಕೆ ಇಟ್ಟ. ಟಪ್. ಮತ್ತೆ ಚಪ್ಪಾಳೆ. ಮೂರನೆಯದು. ಟಪ್. ಮಾವನವರ ತುಟಿ ಭೇಷ್ ಎನ್ನಲು ಅರ್ಧ ತೆರೆದುಕೊಂಡದ್ದನ್ನು ನಾನು ಕಣ್ಣಾರೆ ಕಂಡೆ.

ಆಗ ನಾನೇ ಬಗ್ಗಿ ಒಂದು ನಟ್ಟನ್ನು ಎತ್ತಿಕೊಂಡೆ. ಅದರೊಳಗೆ ಬೋಲ್ಟಿನ ತುಂಡೂ ಇತ್ತು. ಮೂರರಲ್ಲೂ ಇತ್ತು. ಅಂಗಡಿಯಾಕೆ ತೋರಿಸಿಕೊಟ್ಟಿದ್ದ ಗುಂಡಿ ಬಿಗಿ ಮಾಡುವ ಕಡೆಗೇ ಇತ್ತು. ಮೊದಲೇ ಉಸಿರು ಕಟ್ಟುವಂತೆ ಬಿಗಿದಿದ್ದ ನಟ್ಟುಗಳನ್ನು ಲಾರಿಯ ಮೆಷಿನ್ನು ಇನ್ನೂ ಬಿಗಿದು ಬೋಲ್ಟುಗಳನ್ನೇ ಮುರಿದು ಹಾಕಿತ್ತು.

ನಾನು ಬಾಯಿ ಬಿಡಬೇಕೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಮಾವನವರು ನನ್ನ ಕೈಯಿಂದ ಅದನ್ನು ತೆಗೆದುಕೊಂಡು, ಕನ್ನಡಕ ಹಾಕಿಕೊಂಡು, ಬೆಳಕಿಗೆ ಹಿಡಿದರು. ತೆರೆದಿದ್ದ ತುಟಿ ಮುಚ್ಚಿತು.

"ಮೆಷಿನ್ ಅವರದು ಮಾವ," ಎಂದ ಚಿಕ್ಕಳಿಯ ಮೊದಲು.

"ಬ್ಯಾಟರಿ ಅವರದು ಮಾವ," ಎಂದ ದೊಡ್ಡಳಿಯ. "ಶಕ್ತಿಯೆಲ್ಲ ಬಂದಿದ್ದು ಅದ್ರಿಂದಾನೇ."

"ಒತ್ತಿದ್ದು ನೀವು."

"ಮೊದ್ಲು ಬಿಗಿದಿದ್ದು ನೀವು."

ಹತ್ತು ನಿಮಿಷದ ಹಿಂದೆ ಯಾರಿಗೂ ಬಿಟ್ಟುಕೊಡಲು ಮನಸ್ಸಿಲ್ಲದ ಎರಡು ವಸ್ತುಗಳನ್ನು ಈಗ ಒಬ್ಬರ ಕೈಗೊಬ್ಬರು ತುರುಕತೊಡಗಿದರು. ಇನ್ಸ್‌ಪೆಕ್ಟರ್ ಎದ್ದು ಪ್ಯಾಂಟು ಕೊಡವಿಕೊಂಡು ದೊಡ್ಡಳಿಯನಿಗೆ ಹೇಳಿದ, "ನಿಮಗೆ ಗ್ಯಾರೇಜ್ ಲೈಸೆನ್ಸ್ ಬೇಕಾಗಿಲ್ಲ ಸಾರ್. ರಿಪೇರಿ ಮಾಡೋರಿಗೆ ಮಾತ್ರ ಅದು." ಮಾಲೀಕರು ಪೇಪರು ಮಡಚಿಕೊಂಡರು. ತಮ್ಮ ಬ್ರೇಕಿನ ಮಾತನ್ನು ಅವರು ಆಮೇಲೆ ಎತ್ತಲಿಲ್ಲ. ದರ್ಜಿ ಮಾತ್ರ ಸ್ಟೂಲಿನಿಂದ ಏಳಲಿಲ್ಲ, ಇನ್ನೂ ಇದೆ ಎಂದು ಅವನಿಗೆ ಅನಿಸಿರಬೇಕು.

ಇತ್ತು. ಕೆಟ್ಟ ಗಾಡಿಗಳನ್ನು ಎಳೆದೊಯ್ಯುವ ಲಾರಿಯನ್ನು ಕರೆಸಬೇಕಾಯಿತು. ಅದರ ಚಾಲಕ ಬಂದು, ಚಕ್ರದ ಕಡೆ ನೋಡಿ, ಯಾರನ್ನೂ ಏನೂ ಕೇಳದೆ, ಕಾರಿನ ಮುಂಭಾಗಕ್ಕೆ ಪಟ್ಟಿ ಬಿಗಿದ. ಲಾರಿಯ ಬದಿಯಲ್ಲಿದ್ದ ಒಂದು ಗುಂಡಿಯನ್ನು ಬೆರಳಿನಿಂದ ಒತ್ತಿದ. ಗುಂಯ್ ಎಂದು ಸಣ್ಣ ಸದ್ದಾಯಿತು. ಇಡೀ ಕಾರಿನ ಮೂತಿ ಹೂವಿನಂತೆ ಮೇಲೆದ್ದಿತು.

"ಭೇಷ್," ಎಂದರು ಮಾವನವರು.

ಅಳಿಯಂದಿರ ಜಗಳ ಅಲ್ಲೇ ನಿಂತಿತು. ಇಬ್ಬರೂ ತಿರುಗಿ ಚಾಲಕನನ್ನು ನೋಡಿದರು.

ಮಾವನವರು ಸೀಟು ಹಂಚಿದರು. ತಾವು ಲಾರಿಯಲ್ಲಿ ಚಾಲಕನ ಪಕ್ಕ. ಹೆಂಗಸರು ಮನೆಗೆ. ಗಾರ್ಡ್ ಇಲ್ಲದೆ ಗಾಡಿ ಬಿಡುವುದು ನಿಯಮಕ್ಕೆ ವಿರುದ್ಧ, ಆದ್ದರಿಂದ ಅಳಿಯಂದಿರಿಬ್ಬರೂ ಕಾರಿನಲ್ಲಿ. ಬೋಲ್ಟು ಮುರಿದ ನಟ್ಟುಗಳನ್ನು ಗ್ಯಾರೇಜಿನವರಿಗೆ ತೋರಿಸಲು ಹಿಡಿದುಕೊಳ್ಳುವವನು ಬೇಕಲ್ಲ, ನಾನು ಹಿಂದಿನ ಸೀಟಿನಲ್ಲಿ. ಕಾರಿನಲ್ಲಿ ಜನ ಕೂರುವ ಹಾಗಿಲ್ಲ ಎಂದ ಚಾಲಕ. ಮಾವನವರು ಸೀಟಿ ಊದಿದರು. ಆಮೇಲೆ ಅವನೇನೂ ಹೇಳಲಿಲ್ಲ.

ಹೀಗೆ ದೊಡ್ಡಳಿಯನಿಗೆ ಮುಂದಿನ ಸೀಟು ಸಿಕ್ಕಿತು. ಪಕ್ಕದಲ್ಲಿ, ಎಲ್ಲಿಗೂ ತಿರುಗಿಸಬೇಕಾಗಿಲ್ಲದ ಸ್ಟಿಯರಿಂಗ್ ಹಿಡಿದುಕೊಂಡು ಚಿಕ್ಕಳಿಯ. ಕಾರಿನ ಮೂತಿ ಮೇಲಿದ್ದುದರಿಂದ ನಾವು ಮೂವರೂ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಒರಗಿದವರಂತೆ ಮೇಲೆ ನೋಡುತ್ತ ಹೊರಟೆವು. ಎದುರಿಗೆ ಲಾರಿಯ ಹಿಂದಿನ ಗಾಜು. ಗಾಜಿನಾಚೆ ಮಾವನವರು ಚಾಲಕನ ಕಡೆ ತಿರುಗಿ ಕೈಯಾಡಿಸುತ್ತ ಏನೋ ಹೇಳುತ್ತಿದ್ದರು. ಕೊನೆಗೊಮ್ಮೆ ಅವನ ಬೆನ್ನು ತಟ್ಟಿದರು. ಮುಂದಿನ ತಿರುವಿನಲ್ಲಿ ಕನ್ನಡಕ ತೆಗೆದು ಡಬ್ಬಿಯನ್ನು ಅವನ ಮುಂದಿನ ಹಲಗೆಯ ಮೇಲೆ ಇಟ್ಟರು.

ದೊಡ್ಡಳಿಯ ಎಡಕ್ಕೆ ಬಗ್ಗಿ ನೋಡಿದ. ಹೇಳಲು ಬಾಯಿ ತೆರೆದು, ಕೇಳುವವರಿಲ್ಲ ಎಂದು ನೆನಪಾಗಿ ಮುಚ್ಚಿದ. ಇಬ್ಬರೂ ಬಹಳ ದೂರ ಆ ಗಾಜನ್ನೇ ನೋಡುತ್ತ ಬಂದರು. ಅವರ ಹೊಟ್ಟೆಯ ಉರಿ ಹಿಂದೆ ಕೂತ ನನಗೂ ತಾಕುತ್ತಿತ್ತು.

"ಭಾವ," ಎಂದ ಚಿಕ್ಕಳಿಯ ಕೊನೆಗೆ. "ಅವನು ಒತ್ತಿದ್ನಲ್ಲ, ಆ ಎತ್ತೋ ಮೆಷಿನ್ನು. ಯಾವ ಕಂಪನಿದು ನೋಡಿದ್ರಾ?"

"ನೋಡ್ದೆ. ಅಂಕೀನೂ ನೋಡ್ದೆ. ಬಹಳ ದೊಡ್ಡದು."

"ನಾಳೆ ಸಂಜೆ ಬಿಡುವಿದೆಯಾ?"

"ಇದೆ. ಆ ಅಂಗಡಿಯಾಕೆ ನನಗೆ ಪರಿಚಯ." ದೊಡ್ಡಳಿಯ ಸ್ವಲ್ಪ ಯೋಚಿಸಿ ದನಿ ತಗ್ಗಿಸಿದ. "ಬ್ಯಾಟರಿ ಅದ್ರ ಜೊತೇಲೇ ಕೊಡ್ತಾರಾ ಅಂತ ಮಾತ್ರ ನೀವು ಕೇಳಿ."

ಹಿಂದೆ, ಟವೆಲಿನಲ್ಲಿ ಬೋಲ್ಟು ಮುರಿದ ಮೂರು ನಟ್ಟುಗಳನ್ನು ಕಟ್ಟಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದವನು ನಾನು. ಅಂಗಡಿಗೆ ಮೊದಲ ಸಲ ಜೊತೆಗೆ ಹೋದವನೂ ನಾನೇ, ಬ್ಯಾಟರಿಗಾಗಿ ಎರಡನೆಯ ಸಲ ಹೋದವನೂ ನಾನೇ. ಈ ಸಲ ನೀನೂ ಬಾ ಎಂದು ಇಬ್ಬರಲ್ಲಿ ಒಬ್ಬನೂ ತಿರುಗಿ ನೋಡಿ ಕರೆಯಲಿಲ್ಲ.

ಅವತ್ತು ನನಗೂ ಊಟ ಸೇರಲಿಲ್ಲ.